ಹಾಸು ಕೆಚ್ಚುವ ಕೈ

ನಾನು ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದಾಗ ಇದು ಇನ್ನೂ ಮಹಾರಾಜರ ಸೀಮೆ. ಆಮೇಲೆ ಸ್ವಾತಂತ್ರ್ಯ ಬಂತು, ಮೈಸೂರು ರಾಜ್ಯ ಹೋಗಿ ಕರ್ನಾಟಕವಾಯಿತು, ಬುಡ್ಡಿದೀಪ ಹೋಗಿ ಬಲ್ಬು ಬಂತು. ಎದುರುಮನೆಗೆ ಟಿ.ವಿ. ಬಂದ ಮೇಲಂತೂ ಸಂಜೆ ಯಾರೂ ಜಗಲಿಯ ಮೇಲೆ ಕೂರಲೇ ಇಲ್ಲ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ನಮ್ಮ ಗುಂಡಿಮಗ್ಗ ಮಾತ್ರ ಇದ್ದಲ್ಲೇ ಇತ್ತು.

ರೇಷ್ಮೆ ಸೀರೆ ಮುಗಿದಾಗ ನಾವು ಹಳೆಯ ಹಾಸನ್ನು, ಅಂದರೆ ಮಗ್ಗದ ಉದ್ದೆಳೆಗಳನ್ನು, ಪೂರ್ತಿ ತೆಗೆಯುವುದಿಲ್ಲ. ಮಗ್ಗದಲ್ಲಿ ಗೇಣುದ್ದ ಉಳಿಸಿ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯುತ್ತೇವೆ. ಅದೇ ಕೆಚ್ಚುವುದು. ನನ್ನ ಅತ್ತೆ ಕೆಚ್ಚಿದ ಎಳೆಗೆ ನಾನು ಕೆಚ್ಚಿದೆ. ಎಷ್ಟು ಸೀರೆ ಇಳಿದರೂ ಆ ಕೊಂಡಿ ಕಡಿದಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ನನ್ನ ಕಣ್ಣಿಗೆ ಪೊರೆ ಬಂತು. ಎಳೆ ಕಾಣದಾಯಿತು; ಕೆಚ್ಚಲು ಬರುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗ ಬೇಸತ್ತಿದ್ದ. "ಕಣ್ಣು ಬಂದ್ರೆ ಸರಿ ಅವ್ವ, ಇಲ್ಲಾಂದ್ರೆ ಮಗ್ಗ ಬಿಚ್ಚಿ ಪವರ್‌ಲೂಮಿಗೆ ಹೋಗ್ತೀನಿ" ಎಂದ. ಚಳ್ಳಕೆರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಅಲ್ಲೇ ಮಗಳ ಮನೆಯಲ್ಲಿ ಮಲಗಿದೆ. ಡಾಕ್ಟರು ಬಗ್ಗಬೇಡಿ ಎಂದಿದ್ದರು. ಬಗ್ಗದೆ ಕೆಚ್ಚುವುದೆಲ್ಲಿ? ಮಗ್ಗ ಹೋಯಿತೆಂದೇ ಅಂದುಕೊಂಡೆ.

ಸೊಸೆಯ ಮೇಲೆ ನನಗೆ ಭರವಸೆ ಇರಲಿಲ್ಲ. ತೆಲುಗು ಮನೆಮಾತಿನ ನಮ್ಮ ನೇಕಾರ ಜನವೇ, ಆದರೆ ಕೊಂಡ್ಲಹಳ್ಳಿಯಲ್ಲಿ ಶೇಂಗಾ ಬಿಡಿಸಿ ಬೆಳೆದವಳು. ಅವಳಿಗೆ ತೆಲುಗೂ ಅಷ್ಟಕ್ಕಷ್ಟೆ, ರೇಷ್ಮೆಯೂ ಅಷ್ಟಕ್ಕಷ್ಟೆ. ಅವಳು ಮಗ್ಗದ ಹತ್ತಿರ ಬಂದರೆ ಸಾಕು, ಎಳೆ ಹರಿದೀಯ ಅಂತ ನಾನು ತೆಲುಗಿನಲ್ಲೇ ಗದರುತ್ತಿದ್ದೆ.

ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದರೆ ಮಗ್ಗದಲ್ಲಿ ಹೊಸ ಹಾಸು! ಹಳೆಯ ಎಳೆಗಳಿಗೇ ಕೆಚ್ಚಿದ್ದು. ಪಕ್ಕದಲ್ಲಿ ಸೊಸೆ ಬೂದಿಯ ಬೆರಳನ್ನು ಸೆರಗಿಗೆ ಒರೆಸುತ್ತ ನಿಂತಿದ್ದಳು. ಯಾರು ಕಲಿಸಿದರೇ ನಿನಗೆ ಎಂದು ಕೇಳಿದೆ.

"ನೀವೇ ಅತ್ತೆ. ನೀವು ಬೈಯೋವಾಗ ನಾನು ನಿಮ್ ಬೆರಳೇ ನೋಡ್ತಿದ್ದೆ" ಎಂದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಮುಗಿಯುವ ಮೊದಲೇ ಅವಳ ಕಾಲವನ್ನೂ ನೋಡಿದೆನಲ್ಲ, ಆ ಶಿವ ಇಷ್ಟು ಆಯುಷ್ಯ ಕೊಟ್ಟಿದ್ದಕ್ಕೆ ಇಂದಿಗೂ ಕೈ ಮುಗಿಯುತ್ತೇನೆ.

ಮಗ ಗುಂಡಿಗಿಳಿದು ನೇಯಲು ಕುಳಿತ. ಅಂಚಿನ ಹತ್ತಿರ ಒಂದು ಎಳೆ ಬಿಟ್ಟುಕೊಂಡಿತು. ಹೊಸ ಕಣ್ಣಿಗೆ ಚೆನ್ನಾಗಿ ಕಂಡಿತು. ಅಭ್ಯಾಸಬಲ, ಕೈ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು, ಅಡುಗೆಮನೆಯಲ್ಲಿದ್ದ ಸೊಸೆಯನ್ನು ಕೂಗಿದೆ.