ನಾಯಿಗೆ ಕರುವಿನ ಮಗಡ

ನಮ್ಮ ಕೆಂದ ನಾಯಿ ಯಾರನ್ನೂ ಕಚ್ಚಿದ್ದಿಲ್ಲ. ಅದರ ಕೆಟ್ಟ ಚಾಳಿ ಒಂದೇ, ಕುರಿ ಕಂಡರೆ ಓಡುವುದು. ಹಿಂಡನ್ನೆಲ್ಲ ಚದುರಿಸಿ ನಾಲಿಗೆ ಇಳಿಬಿಟ್ಟುಕೊಂಡು ನಿಲ್ಲುತ್ತಿತ್ತು. ಒಂದು ಸಲ ಹೀಗೆ ಚದುರಿದಾಗ ಮರಿಯೊಂದು ಒಡ್ಡಿನಿಂದ ಬಿದ್ದು ಕಾಲು ಮುರಿದುಕೊಂಡಿತು. ಅಂದಿನಿಂದ ಆ ಕುರಿಗಳ ಒಡೆಯ, ನಾವೆಲ್ಲ ಕಾಕಾ ಅನ್ನುತ್ತಿದ್ದ ಹಿರಿಯ, ನಮ್ಮ ಹೊಲಕ್ಕೆ ಹಿಂಡು ತರುವುದನ್ನೇ ಬಿಟ್ಟ.

ಇದು ಸಣ್ಣ ಮಾತಲ್ಲ. ಸೊರಟೂರಿನ ನಮ್ಮ ಎರೆ ಹೊಲಕ್ಕೆ ಗೊಬ್ಬರವೆಂದರೆ ಕುರಿಯೇ. ಬಿತ್ತುವ ಮೊದಲು ನಾಲ್ಕು ದಿನ ಹಿಂಡನ್ನು ಹೊಲದಲ್ಲಿ ತಂಗಿಸಿದರೆ ಹಿಕ್ಕೆ, ಉಚ್ಚೆ ಎಲ್ಲ ಮಣ್ಣಿಗೇ ಬೀಳುತ್ತಿತ್ತು. ಎರಡು ವರ್ಷ ಕುರಿ ಕೂತಿರಲಿಲ್ಲ, ಜೋಳ ನನ್ನ ಸೊಂಟ ದಾಟಿರಲಿಲ್ಲ. ಗಂಡ ಗದಗಿನಲ್ಲಿ ಹತ್ತಿ ಜಿನ್ನಿನ ಕೆಲಸಕ್ಕಿದ್ದ. ಹೊಲ ನನ್ನ ಮತ್ತು ಅತ್ತೆಯ ಪಾಲಿಗೆ. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದರೆ ಕಾಡುಹಂದಿ ಓಡಿಸುವವರು ಯಾರು?

ಕಾಕಾನ ಹತ್ತಿರ ಹೋಗಿ ಕೇಳಿದೆ.

"ನಿನ್ನ ನಾಯಿ ಹಿಡಕೊಂಡು ನನ್ನ ಹಿಂಡಿನ ನಡುವ ಈ ಕಡಿಂದ ಆ ಕಡಿಗೆ ಹಾಯ್ದು ತೋರ್ಸ ತಂಗಿ. ಒಂದ ಕುರಿ ಬೆದರಬಾರ್ದು," ಅಂದ. "ಅಮಾಸಿ ತನಕ ಇಲ್ಲೇ ಇರ್ತೇನಿ. ಆಮ್ಯಾಲ ಹಿಂಡು ಹಮ್ಮಿಗಿ ಕಡೆ ಹೊಳಿದಂಡಿಗೆ ಹೋಗತೈತಿ."

ಆಗ ನಾಯಿಯ ಕೊರಳಲ್ಲಿದ್ದದ್ದು ಬಾವಿ ಹಗ್ಗದ ತುಂಡು. ಜಗ್ಗಿದರೆ ಬಿಗಿದು ಕೆಮ್ಮು ಬರುತ್ತಿತ್ತು, ಆದರೂ ಜಗ್ಗುತ್ತಿತ್ತು. ಚಲೋ ಕೊರಳಪಟ್ಟಿ ಇಲ್ಲದ್ದಕ್ಕೇ ಹೀಗೆ ಅಂದುಕೊಂಡು ಶಿರಹಟ್ಟಿ ಸಂತೆಗೆ ಹೋದೆ. ಸಂಸ್ಥಾನ ಹೋಗಿ ಶಿರಹಟ್ಟಿ ನಮ್ಮ ಜಿಲ್ಲೆಗೆ ಸೇರಿದ ಹೊಸತು. ಚರ್ಮದ ಕೆಲಸದವ ಮೂರು ಪಟ್ಟಿ ಮುಂದಿಟ್ಟ. ಒಂದು ಬೆರಳಗಲದ್ದು, ಒಂದು ನಾಲ್ಕು ಬೆರಳಗಲದ್ದು, ಇನ್ನೊಂದು ತೋಳ ಬಾಯಿ ಹಾಕದಂತೆ ಹೊರಗೆ ಮೊಳೆ ಹೊಡೆದದ್ದು.

"ನಿಮ್ಮ ನಾಯಿ ಏನ ಮಾಡತೈತ್ರಿ ಯವ್ವಾ?"

"ಜಗ್ಗತೈತಿ. ನನ್ನ ಮಾತ ಕೇಳಂಗಿಲ್ಲ."

"ಸ್ವಾತಂತ್ರ್ಯ ಬಂದಿದ್ದು ಅದಕ್ಕೂ ಖಬರ ಆಗಿರಬೇಕ್ರಿ," ಎಂದು ನಕ್ಕ. "ಮೊಳಿ ಒಳಗ ತಿರುಗಿಸಿ ಹೊಡದ ಕೊಡ್ಲೇನು? ಚುಚ್ಚಿದ್ರ ತಾನ ನಿಲ್ಲತೈತಿ."

"ಮೊದಲ ನಿನ್ನ ಕೊರಳಿಗೆ ಹಾಕ್ಕೊಂಡ ನೋಡ," ಅಂದು ನಾಲ್ಕು ಬೆರಳಿನದನ್ನು ಆರಿಸಿದೆ. ಅಗಲವಾಗಿದೆ, ಗಟ್ಟಿ ಇದೆ, ಇನ್ನು ಹಿಡಿತ ನನ್ನದು ಅಂದುಕೊಂಡಿದ್ದೆ.

ಮರುದಿನ ಪಟ್ಟಿ ಹಾಕಿ ಹೊರಗೆ ಕರೆದುಕೊಂಡು ಹೊರಟೆ. ಯಾರದೋ ಆಡು ಕಂಡಿತು. ಈಗ ನಾಯಿಗೆ ಕೆಮ್ಮೂ ಇಲ್ಲ, ನೋವೂ ಇಲ್ಲ. ಎದೆ ಕೊಟ್ಟು ಎಳೆದ ರಭಸಕ್ಕೆ ನಾನು ತಿಪ್ಪೆಯಲ್ಲಿ ಬೋರಲು ಬಿದ್ದೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅತ್ತೆ ಎದ್ದು ಬರಲಿಲ್ಲ.

"ಚಲೋ ನೊಗಾ ಹೂಡಿಯಲ್ಲ ಅದಕ್ಕ. ಎಳೀಲಾರ್ದ ಏನ್ ಮಾಡತೈತಿ?"

"ನಗಬ್ಯಾಡ್ರಿ ಅತ್ತಿ. ಹೊಲಾ ನಿಮ್ದೂ ಐತಿ."

"ಹೋರಿಕರಾ ಹೊಳ್ಳಸಾಕ ಕೊರಳಿಗೆ ಕೈ ಹಾಕ್ತಿಯೇನ?"

"ಇಲ್ರಿ. ಮಗಡಾ ಹಿಡೀತೇನಿ."

"ಮತ್ತ?"

ಸೀರೆ ಕೊಡವಿಕೊಳ್ಳದೆ ದನದ ಕೊಟ್ಟಿಗೆಗೆ ಹೋದೆ. ಮಗಡವೆಂದರೆ ಮೂಗಿನ ಮೇಲೊಂದು ಸುತ್ತು, ಕಿವಿಯ ಹಿಂದೊಂದು ಸುತ್ತು ಬರುವ ಹಗ್ಗ. ಗೂಟಕ್ಕೆ ನೇತುಬಿದ್ದ ಅದನ್ನು ದಿನಾ ನೋಡುತ್ತಿದ್ದೆ, ತಲೆಗೆ ಹೊಳೆದಿರಲಿಲ್ಲ. ನಾರಿನದು ನಾಯಿಯ ಮೂತಿ ತರಚುತ್ತದೆಂದು ಹಳೆ ಸೀರೆಯ ಅಂಚು ಹೊಸೆದು ಸಣ್ಣದೊಂದು ಮಾಡಿದೆ. ಬಿಗಿಯಾಯಿತು, ಬಾಯಿ ತೆರೆಯಲಾಗಲಿಲ್ಲ. ಎರಡನೆಯದು ಸಡಿಲಾಗಿ ಕಣ್ಣಿಗೆ ಜಾರಿತು. ಮೂರನೆಯದನ್ನು ಹಾಕಿಕೊಂಡೇ ನೀರು ಕುಡಿಯಿತು, ತೇಕಿತು, ರೊಟ್ಟಿ ತಿಂದಿತು. ಅದನ್ನೇ ಇಟ್ಟುಕೊಂಡೆ.

ಎರಡು ದಿನ ನೆಲಕ್ಕೆ ಮುಖ ಉಜ್ಜಿ ಉರುಳಾಡಿತು. ನಾನು ರೊಟ್ಟಿಚೂರು ಹಿಡಿದು ಸುಮ್ಮನೆ ಕೂತೆ. ಆಮೇಲೆ ನಡೆಸಿದೆ. ಜಗ್ಗಿದರೆ ಅದರ ಮುಖವೇ ನನ್ನ ಕಡೆ ತಿರುಗುತ್ತಿತ್ತು, ನಾನು ನಿಲ್ಲುತ್ತಿದ್ದೆ. ಹಗ್ಗ ಸಡಿಲಾದರೆ ರೊಟ್ಟಿ ಕೊಟ್ಟು ಮುಂದೆ ನಡೆಯುತ್ತಿದ್ದೆ. ಜಾಡಿಸಿ ಎಳೆಯಲಿಲ್ಲ, ಹಾಗೆ ಎಳೆದರೆ ಕರುವಿನ ಕತ್ತೂ ಉಳುಕುತ್ತದೆ.

ಅಮಾವಾಸ್ಯೆಗೆ ಐದು ದಿನ ಇರುವಾಗ ಹಿಂಡಿನ ಮುಂದೆ ನಿಂತೆ. ಕಾಕಾ ಕೋಲು ಊರಿಕೊಂಡು ನೋಡುತ್ತಿದ್ದ. ಅರ್ಧ ದಾರಿ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಮರಿಯೊಂದು ಅಡ್ಡ ಜಿಗಿಯಿತು. ನಾಯಿ ಮುನ್ನುಗ್ಗಿತು, ನನಗೆ ಹೊಲವೇ ಕೈಬಿಟ್ಟು ಹೋದಂತಾಯಿತು. ಆದರೆ ಅದರ ಮೂತಿ ಹೊರಳಿ ನನ್ನ ಮೊಣಕಾಲಿಗೆ ಬಂತು. ನಿಂತೆ. ಅದೂ ನಿಂತಿತು, ರೊಟ್ಟಿ ಎಲ್ಲಿ ಅಂತ ನನ್ನ ಕೈ ನೋಡಿತು. ಒಂದು ಕುರಿಯೂ ಮೇಯುವುದು ಬಿಡಲಿಲ್ಲ. ಹಿಂಡಿನ ಆಚೆ ಬದಿಗೆ ಹಾಯ್ದ ಮೇಲೆ ನಾನು ಉಸಿರು ಬಿಟ್ಟೆ.

"ಇದೇನ ತಂಗಿ, ನಾಯಿಯೋ ಹೋರಿಕರಾನೋ?"

"ಏನರ ಆಗ್ಲಿ. ಕುರಿ ಯಾವಾಗ ಬರ್ತಾವ ಹೇಳ್ರಿ ಕಾಕಾ."

"ಇವತ್ತ ಸಂಜಿಗೆ. ಆದ್ರ ಆ ಮಗಡಾ ಹಾಕಿ ಕಟ್ಟಿರಬೇಕ ಮತ್ತ."

"ಮಗಡಾ ನಡಸಾಕ ರೀ. ಕಟ್ಟಾಕ ಪಟ್ಟಿ ಐತಿ."

ನಾಲ್ಕು ದಿನ ಕುರಿ ಕೂತೆದ್ದವು. ಐದನೆಯ ದಿನ ಬೆಳಿಗ್ಗೆ ಹಿಂಡು ಹೋದ ಮೇಲೆ ಬರಿಗಾಲಲ್ಲಿ ಹೊಲ ತಿರುಗಿದೆ. ನಾಯಿ ಬೇವಿನ ಬುಡದಲ್ಲಿ ಅಗಲ ಪಟ್ಟಿಗೆ ಕಟ್ಟಿಸಿಕೊಂಡು ಮಲಗಿತ್ತು. ಬಿಚ್ಚಿ ಮಗಡ ಹಾಕಿ ಮನೆಗೆ ಕರೆತಂದೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು.

"ಎಷ್ಟ ಬಿದ್ದೈತಿ?"

"ಕಾಲಿಡಾಕ ಜಾಗಾ ಇಲ್ರಿ."

"ಹಂಗಾರ ಕಾಲ ತೊಳ್ಕೊಂಡ ಒಳಗ ಬಾ," ಅಂದಳು.