ಮೇಡಂ ಅವರ ಬೆರಳಿನ ರಕ್ತ

ಮೊನ್ನೆ ಮೊಣಕಾಲು ನೋವಿಗೆಂದು ಬ್ಯಾಡಗಿಯ ಅಂಗಡಿಯಿಂದ ದೇವದಾರು ಎಣ್ಣೆ ತಂದೆ. ಮುಚ್ಚಳ ತೆಗೆದದ್ದೇ ತಡ, ಹಳೆಯ ವಾಸನೆ ಮೂಗಿಗೆ ಬಡಿಯಿತು. ಹಾವೇರಿಯ ಕಾಲೇಜಿನಲ್ಲಿ ಸೂಕ್ಷ್ಮದರ್ಶಕದ ಕೆಳಗಿಡುವ ಸ್ಲೈಡಿಗೆ ಒಂದು ಹನಿ ಬಿಡುತ್ತಿದ್ದುದು ಇದೇ ಎಣ್ಣೆ. ವಾಸನೆಯ ಹಿಂದೆಯೇ ನಮ್ಮ ಪ್ರಾಣಿಶಾಸ್ತ್ರದ ಮೇಡಂ ಬಂದು ನಿಂತರು...

ಮೇಡಂ ಅಗಡಿ ಊರಿನವರು, ದಿನಾ ಬಸ್ಸಿಗೆ ಬರುತ್ತಿದ್ದರು. ಮೆಣಸಿನ ಗಿಡಕ್ಕೆ ಹೊಡೆಯುವ ಔಷಧ ಮೈಯೊಳಗೆ ಹೋದರೆ ರಕ್ತಕ್ಕೆ ಏನಾಗುತ್ತದೆ ಎಂಬುದು ಅವರ ಸಂಶೋಧನೆ. ರಕ್ತ ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ. ಹಾಗಾಗಿ ಔಷಧ ತಿನ್ನಿಸಿದ ಬಿಳಿ ಇಲಿಗಳ ತೊಡೆಯೆಲುಬಿನಿಂದ ಮಜ್ಜೆ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡುತ್ತಿದ್ದರು. ಕೆಟ್ಟ ಕಣ ಕಂಡರೆ "ಬಾ ಇಲ್ಲೆ, ನೋಡು" ಎಂದು ನನ್ನ ಕುತ್ತಿಗೆ ಹಿಡಿದು ಬಗ್ಗಿಸುತ್ತಿದ್ದರು. ನಾನು ಕೊನೆಯ ವರ್ಷದ ಬಿಎಸ್ಸಿ; ಮಾತಿನ ಮಲ್ಲಿ, ಕೆಲಸಗಳ್ಳಿ.

ನಮಗೆ ರಕ್ತದ ಕಣ ಎಣಿಸಲು ಕಲಿಸುವಾಗ ತಮ್ಮ ಬೆರಳನ್ನೇ ಚುಚ್ಚಿಕೊಳ್ಳುತ್ತಿದ್ದರು. "ಚಲೋ ರಕ್ತ ಹೆಂಗಿರ್ತೈತಿ ನೋಡ್ರಿ" ಎಂದು ನಗುತ್ತಿದ್ದರು. ಆ ವರ್ಷ ಶ್ರಾವಣದಲ್ಲಿ ಅವರ ತೋಳಿನ ಮೇಲೆ ನೀಲಿ ಕಲೆಗಳಿದ್ದವು. ಕೇಳಿದರೆ ಬಸ್ಸಿನ ಬಾಗಿಲು ಬಡಿಯಿತು ಎಂದರು. ಚುಚ್ಚಿದ ಬೆರಳಿನ ರಕ್ತವೂ ಲಗೂ ನಿಲ್ಲಲಿಲ್ಲ. ಹತ್ತಿ ಬದಲಿಸುತ್ತಲೇ ಪಾಠ ಮುಂದುವರಿಸಿದರು.

ಆ ರಕ್ತ ಸವರಿದ ಸ್ಲೈಡು ನನ್ನ ಪಾಲಿಗೆ ಬಂತು. ನೂರು ಬಿಳಿ ಕಣ ಎಣಿಸಿ, ಯಾವ ಬಗೆಯವು ಎಷ್ಟು ಎಂದು ಬರೆಯಬೇಕು. ನೋಡಿದರೆ ಪುಸ್ತಕದಲ್ಲಿಲ್ಲದ ದೊಡ್ಡ ದೊಡ್ಡ ಕಣಗಳು, ಒಳಗೆಲ್ಲ ಬರೀ ನೇರಳೆ. ಇಲಿಗಳಲ್ಲಿ ಇಂಥವನ್ನು ಕಂಡಿದ್ದೆ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ, ಅವೇ. ಆಮೇಲೆ, ಮೇಡಂ ರಕ್ತವಲ್ಲವೇ, ಕೆಟ್ಟದ್ದು ಎಲ್ಲಿಂದ ಬರಬೇಕು, ನಾನೇ ಬಣ್ಣ ಹೆಚ್ಚು ಹಾಕಿ ಕೆಡಿಸಿರಬೇಕು ಎಂದುಕೊಂಡೆ. ಬೈಸಿಕೊಳ್ಳುವ ಹೆದರಿಕೆ ಬೇರೆ. ಅವರು ನೋಡುವ ಮೊದಲೇ ಸ್ಲೈಡು ತೊಳೆದುಬಿಟ್ಟೆ. ಪುಸ್ತಕದ ಅಂಕಿಗಳನ್ನೇ ತುಸು ಹಿಂದೆಮುಂದೆ ಮಾಡಿ ಬರೆದೆ.

"ಬರೋಬ್ಬರಿ ಎಣಿಸೀದಿ. ಶಾಣ್ಯಾಕಿ ಅದಿ ನೀ" ಎಂದು ಸಹಿ ಹಾಕಿದರು. ನಾನು ಹಲ್ಲು ಕಿರಿದೆ.

ದೀಪಾವಳಿ ರಜೆ ಮುಗಿಸಿ ಬರುವಷ್ಟರಲ್ಲಿ ಮೇಡಂ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದರು. ರಕ್ತದ ಕ್ಯಾನ್ಸರ್. ಸೊಂಟದ ಎಲುಬಿನಿಂದ ಅವರದೇ ಮಜ್ಜೆ ತೆಗೆದು ನೋಡಿದ್ದರು. ಆ ಔಷಧದಿಂದ ಬಂತೋ, ತಾನಾಗಿ ಬಂತೋ, ಯಾರಿಗೆ ಗೊತ್ತು... ನಾನು ಹೋದಾಗ ಮುಖ ಸುಣ್ಣದಂತಾಗಿತ್ತು.

"ಹೆದರಬ್ಯಾಡ" ಎಂದರು, ನನಗೇ! "ಮೊದಲ ಯಾವಾಗರ ರಕ್ತ ನೋಡಿದ್ರೇನ್ರಿ ಅಂತ ಡಾಕ್ಟರ್ ಕೇಳಿದ್ರು. ನಮ್ಮ ಹುಡುಗಿ ಮೂರು ತಿಂಗಳ ಹಿಂದ ಎಣಿಸ್ಯಾಳ, ಎಲ್ಲಾ ಬರೋಬ್ಬರಿ ಇತ್ತು ಅಂದೆ. ಅಂದ್ರ ಈಗಷ್ಟ ಶುರು ಆಗೇತಿ. ಲಗೂ ಸಿಕ್ಕೇತಿ, ಆರಾಮ ಆಗ್ತೈತಿ... ಹೌದಿಲ್ಲ?"

"ಹೌದ್ರಿ ಮೇಡಂ" ಎಂದೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ಸಂಕ್ರಾಂತಿಗೆ ಮುಂಚೆಯೇ ಅವರು ತೀರಿಕೊಂಡರು.

ಈಗ ನಾನು ರಾಣೆಬೆನ್ನೂರಿನ ಲ್ಯಾಬೊಂದರಲ್ಲಿ ದಿನಾ ಸ್ಲೈಡು ನೋಡುತ್ತೇನೆ. ಸ್ವಲ್ಪ ಅನುಮಾನ ಬಂದರೂ ಮೂರು ಸಲ ಎಣಿಸುತ್ತೇನೆ. ಜೊತೆಯವರು ನಗುತ್ತಾರೆ, ನಗಲಿ. ಮೇಡಂ ಇದ್ದಿದ್ದರೆ ಕಾಲು ಹಿಡಿದು ಎಲ್ಲ ಹೇಳಿಬಿಡುತ್ತಿದ್ದೆ, ಹೊಟ್ಟೆ ತುಂಬ ಬೈಸಿಕೊಳ್ಳುತ್ತಿದ್ದೆ. ಅವರು ನನ್ನ ಎಣಿಕೆಯನ್ನು ನಂಬಿಯೇ ಹೋದರು.