ಅವ್ವ ಗದರಿಸಿದ ಚೀತಾ

ಕೀನ್ಯಾದಿಂದ ಸಿಂಗಾಪುರಕ್ಕೆ, ಟೋವಾ ಪಾಯೋದ ನನ್ನ ಮನೆಗೆ ಮರಳಿದ ಮೇಲೆ ಅವ್ವ ಸರಿಯಾಗಿ ಊಟ ಮಾಡಲಿಲ್ಲ. ಪ್ರಯಾಣದ ಆಯಾಸವೆಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಅದು ನಿಜವಲ್ಲ.

ಸಫಾರಿಯಲ್ಲಿ ಒಂದು ಬೆಳಿಗ್ಗೆ ಹೆಣ್ಣು ಚೀತಾವೊಂದು ನಮ್ಮ ಜೀಪಿನ ಎದುರಿಗೇ ಹುಲ್ಲಿನಲ್ಲಿ ತೆವಳುತ್ತಿತ್ತು. ಅದರ ದೃಷ್ಟಿ ಹಿಂಡಿನಿಂದ ಹಿಂದುಳಿದಿದ್ದ, ವಿಲ್ಡೆಬೀಸ್ಟ್ ಎಂಬ ಕಾಡುದನದ ಕರುವೊಂದರ ಮೇಲಿತ್ತು. ನಮ್ಮ ಜೊತೆ ಬಂದಿದ್ದ ನನ್ನ ಸಹೋದ್ಯೋಗಿ ಉಸಿರು ಬಿಗಿಹಿಡಿದು ಕ್ಯಾಮೆರಾ ಸಜ್ಜುಗೊಳಿಸಿದ್ದರು, ನಾನೂ ಅಷ್ಟೆ. ಜೀವಮಾನವೆಲ್ಲ ದನಕರು ಸಾಕಿದ ಅವ್ವನಿಗೆ ಕಂಡದ್ದು ಒಂಟಿ ಕರು ಮಾತ್ರ. ದಿಢೀರನೆ ಎದ್ದು ಕೈತಟ್ಟಿ ಕೂಗಿದಳು:

“ಹಚಾ! ಹಚಾ! ನಡಿ ಆಚೆಗೆ!”

ಚೀತಾ ಬೆಚ್ಚಿ ನಿಂತಿತು. ಕರು ಓಡಿ ಹಿಂಡು ಸೇರಿತು.

“ಆಂಟಿ, ಅದು ಬೀದಿನಾಯಿ ಅಲ್ಲ! ಇದೊಂದು ಶಾಟ್‌ಗೋಸ್ಕರ ಇಷ್ಟು ದೂರ ಬಂದಿದೀನಿ,” ಎಂದರು ಸಹೋದ್ಯೋಗಿ. ನಕ್ಕರೇನೋ ನಿಜ, ಆದರೆ ಊಟದ ಹೊತ್ತಿನವರೆಗೂ ನನ್ನನ್ನು ಮಾತನಾಡಿಸಲಿಲ್ಲ.

ಗೈಡ್ ಇಂಗ್ಲಿಷಿನಲ್ಲಿ ಗದರಿದ: ಕೂಗಬಾರದು, ಪೊದೆಯಲ್ಲಿ ಅದರ ಮೂರು ಮರಿಗಳಿವೆ, ನಿನ್ನೆಯಿಂದ ಬೇಟೆ ಸಿಕ್ಕಿಲ್ಲ. ನಮ್ಮ ಮನೆಯಲ್ಲಿ ಓದಿದವಳು ನಾನೊಬ್ಬಳೇ. ಡಾಕ್ಟರಾಗಲಿ, ಬ್ಯಾಂಕಿನವರಾಗಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಅವ್ವನಿಗೆ ತಿಳಿಸುವುದು ಬಾಲ್ಯದಿಂದಲೂ ನನ್ನ ಕೆಲಸ. ಇದನ್ನೂ ಹಾಗೆಯೇ ತಿಳಿಸಿದೆ. ಮರುದಿನದಿಂದ ಅವ್ವ ಸಫಾರಿಯ ಜೀಪು ಹತ್ತಲೇ ಇಲ್ಲ. ನಾನೂ ಅವಳೊಡನೆ ಲಾಡ್ಜ್‌ನಲ್ಲೇ ಉಳಿದೆ.

ಇಲ್ಲಿ ತಟ್ಟೆಯ ಮುಂದೆ ಕುಳಿತಾಗಲೆಲ್ಲ ಅದೇ ಮಾತು.

“ಬಾಣಂತಿ ಬಾಯ್ಗೆ ಬಂದ ತುತ್ತು ಕಿತ್ಕಂಡೆ ಕಣೆ. ಆ ಮರಿಗಳ ಗತಿ ಏನಾಯ್ತೋ.”

“ಅವಕ್ಕೆ ಬೇಟೆ ತಪ್ಪೋದು ಮಾಮೂಲು ಕಣವ್ವ.”

“ತಾನಾಗಿ ತಪ್ಪೋದು ಬೇರೆ. ಇದು ನಾನು ತಪ್ಸಿದ್ದು.”

ಭಾನುವಾರ ಮಧ್ಯಾಹ್ನ ಸಹೋದ್ಯೋಗಿಯಿಂದ ಫೋನಿಗೆ ಒಂದು ಚಿತ್ರ ಬಂತು. ನಾವು ಹೋಗದಿದ್ದ ಕೊನೆಯ ಸವಾರಿಯಲ್ಲಿ ತೆಗೆದದ್ದು. ಅದೇ ಚೀತಾ ಎಂದು ಗೈಡ್ ಗುರುತಿಸಿದನಂತೆ. ಆಂಟಿಗೆ ತೋರಿಸಿ ಎಂದು ಬರೆದಿದ್ದರು. ಹುಲ್ಲಿನ ನಡುವೆ ತಾಯಿ, ಸುತ್ತ ರಕ್ತದ ಮೂತಿಯ ಮರಿಗಳು.

“ಮೂರೂ ಅವೆ!” ಅವ್ವನ ಮುಖ ಅರಳಿತು. ಅನ್ನಕ್ಕೆ ಸಾರು ಹಾಕಿಸಿಕೊಂಡು ಕಲಸತೊಡಗಿದಳು. ನನಗೂ ಎದೆ ಹಗುರಾಯಿತು.

“ಏನ್ ತಿಂತಾವೆ, ದೊಡ್ಡದು ಮಾಡಿ ತೋರ್ಸು.”

ತೋರಿಸಿದೆ. ಎಳೆಯ ಗೊರಸು ಸ್ಪಷ್ಟವಾಗಿ ಕಾಣಿಸಿತು.

ಅವ್ವನ ಕೈ ನಿಂತಿತು. “ಅದೇ ಕರೂನಾ?”

“ಗೊತ್ತಿಲ್ಲವ್ವ.”

ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ‘ಅಲ್ಲ, ಬೇರೆ ಕರು’ ಎಂದುಬಿಡಬಹುದಿತ್ತೆಂದು ನನಗೆ ಹೊಳೆಯಲೂ ಇಲ್ಲ.